ತೊಗರಿ ಹೊಲದಾಗ ಹುಡುಕಾಟದ ಟ್ರೇನಿಂಗ್: ದುಡ್ಡು ಕೊಟ್ಟಿದ್ದಕ್ಕ ಸಾರ್ಥಕ

ನಮ್ಮ ಕಲಬುರಗಿ ಕಡೆ ಯಾರರ ಕಳದ್ರು ಅಂದ್ರ ಊರಿಗೆ ಊರೇ ಬ್ಯಾಟ್ರಿ ಹಿಡ್ಕೊಂಡು ಹೊಲಕ್ಕ ನುಗ್ತದ, ಮುಂಜಾನಿ ಆದ್ಮೇಲೆ ಯಾವ ಹೊಲ ನೋಡೀವಿ ಯಾವ್ದು ಬಿಟ್ಟೀವಿ ಅಂತ ಕೇಳಿದ್ರ ಒಬ್ಬರಿಗೂ ಹೇಳ್ಲಿಕ್ಕೆ ಬರಲ್ಲ. ಅದಕ್ಕೇ ಊರ ಹೊರಗ ಒಂದು ತಂಡದವ್ರು ನಡೆಸಿದ ಈ ಟ್ರೇನಿಂಗಿಗೆ ಹೋದೆ.

ಮೊದ್ಲು ಕಲಿಸಿದ್ದು, ಎಲ್ಲಾರೂ ಸಾಲಾಗಿ ನಿಂತು ಹೊಲ ಹುಡ್ಕೋತ ಹೋಗೂಕಿಂತ ಮುಂಚೆ ಕಡೀಗ್ ಕಂಡ ಜಾಗದಿಂದ ಸಣ್ಣ ತಂಡಗಳು ಜಲ್ದಿ ಹೋಗಿ ಬಾವಿ, ಹಳ್ಳ, ಗುಡಿ, ಖಾಲಿ ಮನಿ, ಕಾಲ್ದಾರಿ ನೋಡ್ಬೇಕು. ಮರೆವಿನ ಕಾಯಿಲೆ ಇರೋ ಹಿರೇರು ಎಷ್ಟೋ ಸರ್ತಿ ಮುಳ್ಳುಕಂಟಿಯೊಳಗ ಸಿಕ್ಕೊಂಡು ಅಲ್ಲೇ ನಿಂತ್ಬಿಡ್ತಾರಂತ, ಕರದ್ರೂ ಓ ಅನ್ನಲ್ಲ. ಸಣ್ಣ ಮಕ್ಕಳೂ ಅಂಜಿ ಸುಮ್ನ ಕುಂದ್ರಬಹುದು. ಹಂಗಾಗಿ ಬರೇ ಒದರ್ಕೋತ ಹೋದ್ರ ಆಗಲ್ಲ, ಕಣ್ಣಿಲೆ ಹುಡುಕ್ಬೇಕು.

ನನಗ ಭಾಳ ಹಿಡಿಸಿದ್ದು ಅಂತರ ಗೊತ್ತು ಮಾಡೋ ರೀತಿ. ಎದಿಮಟ ಬೆಳೆದ ತೊಗರಿಯೊಳಗ ಒಂದು ಹಳೇ ಅಂಗಿ ಇಟ್ಟು ಕಾಣದಂಗ ಆಗೋ ತನಕ ಹಿಂದ ಸರೀರಿ ಅಂದ್ರು, ನಾಲ್ಕೈದು ಹೆಜ್ಜಿಗೇ ಮಾಯ! ಅದೇ ಅಂಗಿ ಬಾಜು ಖಾಲಿ ಎರಿ ಹೊಲದಾಗ ಆ ಬದುವಿನಿಂದನೂ ಕಾಣ್ತಿತ್ತು. ಇದನ್ನ ನೋಡೇ ಮಂದಿ ನಡುವಿನ ಅಂತರ ಇಡಬೇಕಂತ, ಎಲ್ಲಾ ಕಡೆ ಒಂದೇ ಅಳತಿ ನಡ್ಯಲ್ಲ. ತುದ್ಯಾಗ ಇದ್ದವ ಗಿಡಕ್ಕ ಕಲರ್ ಟೇಪ್ ಕಟ್ಕೋತ ಹೋಗ್ತಾನ, ತಿರುಗಿ ಬರೋವಾಗ ಸಾಲು ಅದೇ ಟೇಪ್ ಹಿಡ್ದು ಬರ್ತದ, ಒಂದು ಪಟ್ಟಿನೂ ತಪ್ಪಲ್ಲ. ನಡುನಡುವ ಎಲ್ಲಾರೂ ನಿಂತು ಒಮ್ಮೆಲೆ ಸೀಟಿ ಊದಿ ಆಮೇಲೆ ಪೂರಾ ಗಪ್‌ಚುಪ್ ಕೇಳೋದು. ಹಿಂದ ತಿರುಗಿ ನೋಡೋದನ್ನೂ ಮರೀಬ್ಯಾಡ್ರಿ, ಗಿಡದ ಆ ಕಡೆ ಕುಂತವ್ರು ಆವಾಗೇ ಕಾಣ್ತಾರ. ಚಪ್ಪಲಿ ಗಿಪ್ಪಲಿ ಸಿಕ್ರ ಮುಟ್ಟದೇ ಗುರ್ತು ಮಾಡಿ ತಿಳಿಸ್ಬೇಕು.

ಕೊರತಿ ಅಂದ್ರ ರಾತ್ರಿ ಪ್ರಾಕ್ಟೀಸ್ ಇರ್ಲಿಲ್ಲ, ನಮ್ಮ ಕಡೆ ಕಟ್ಟಿ ಇಲ್ಲದ ಬಾವಿ ಎಷ್ಟವ, ಕತ್ತಲದಾಗ ಹುಡುಕೋರೇ ಬಿದ್ರ ಏನ್ ಗತಿ? ಅದನ್ನ ಸೇರಿಸ್ಲೇಬೇಕು. ನೀರಿನ ವ್ಯವಸ್ಥಾನೂ ಕಮ್ಮಿ ಇತ್ತು, ಈ ಬಿಸಲಾಗ ಅದು ಸಣ್ಣ ಮಾತಲ್ಲ.

ಐದಕ್ಕ ನಾಲ್ಕು ಸ್ಟಾರ್. ಪ್ರತಿ ಊರಿಂದ ನಾಲ್ಕು ಮಂದಿಯರ ಹೋಗಿ ಕಲೀರಿ. ಇನ್ನೊಂದು, ಪೊಲೀಸರಿಗೆ ತಿಳಿಸ್ಲಿಕ್ಕೆ 24 ತಾಸು ಕಾಯ್ಬೇಕು ಅನ್ನೋ ಮಾತು ಸುಳ್ಳು, ಕಾಣ್ಲಿಲ್ಲ ಅಂದ ಕೂಡ್ಲೇ 112ಕ್ಕ ಫೋನ್ ಹಚ್ರಿ, ಮಕ್ಕಳಾದ್ರ 1098ಕ್ಕೂ.