ಸಿವಿಲ್ ವಾರ್, ಕಿಂಗ್‌ಡಮ್ ಕಮ್: ಕೊನೆ ಯಾವುದರದು ಗಟ್ಟಿ?

ಧಾರವಾಡದ ಸುಭಾಸ ರಸ್ತೆಯ ಅಂಗಡಿಗೆ ಹೇಳಿ ತರಿಸಿದರೂ ಸರಿ, ಆನ್‌ಲೈನ್‌ನಲ್ಲಿ ಕೊಂಡರೂ ಸರಿ, ಈ ಎರಡು ಅಮೆರಿಕನ್ ಸೂಪರ್‌ಹೀರೋ ಕಾಮಿಕ್ಸ್‌ಗಳಲ್ಲಿ ಒಂದಕ್ಕೇ ದುಡ್ಡಿದ್ದರೆ ‘ಕಿಂಗ್‌ಡಮ್ ಕಮ್’ ತಗೊಳ್ಳಿ. ಮುಂದೆ ಎರಡರ ಕೊನೆಯನ್ನೂ ಹೇಳಿದ್ದೇವೆ, ನೋಡಿಕೊಂಡು ಓದಿ.

ಮಾರ್ವೆಲ್ ಪ್ರಕಾಶನದ ‘ಸಿವಿಲ್ ವಾರ್’ (2006–07) ಏಳು ಸಂಚಿಕೆ. ಮುಖವಾಡದ ಸೂಪರ್‌ಹೀರೋಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೇ ಎಂಬುದು ಜಗಳ. ಎರಡನೆಯದರಲ್ಲಿ ಸ್ಪೈಡರ್‌ಮ್ಯಾನ್ ಪತ್ರಕರ್ತರೆದುರು ಮುಖವಾಡ ಕಳಚುವ ಪುಟಕ್ಕೆ ಈಗಲೂ ಮೈ ಜುಮ್ಮೆನ್ನುತ್ತದೆ. ಏಳನೆಯದರಲ್ಲಿ ನೋಂದಣಿ ಬೇಡವೆನ್ನುವ ಬಣದ ನಾಯಕ ಕ್ಯಾಪ್ಟನ್ ಅಮೆರಿಕಾ ಇನ್ನೇನು ಗೆಲ್ಲಬೇಕು, ಅಷ್ಟರಲ್ಲಿ ಅಗ್ನಿಶಾಮಕದವರು, ಪೊಲೀಸರು ಅವನನ್ನು ಹಿಡಿದೆಳೆಯುತ್ತಾರೆ. ಹಾಳಾದ ಊರು ನೋಡಿ ಅವನು ಶರಣಾಗುತ್ತಾನೆ. ವಾದಕ್ಕೆ ಉತ್ತರವೇ ಇಲ್ಲ. ರಾತ್ರಿಯಿಡೀ ದೊಡ್ಡಾಟ ಕುಣಿದು, ಯುದ್ಧದ ಹೊತ್ತಿಗೆ ಮಂಗಳ ಹಾಡಿದಂತೆ. ಅವನ ಮುಂದಿನ ಗತಿ ತಿಳಿಯಲು ‘ಕ್ಯಾಪ್ಟನ್ ಅಮೆರಿಕಾ’ 25ನೇ ಸಂಚಿಕೆ ಬೇರೆ ಬೇಕು.

ಡಿಸಿ ಪ್ರಕಾಶನದ ‘ಕಿಂಗ್‌ಡಮ್ ಕಮ್’ (1996) ನಾಲ್ಕೇ ಸಂಚಿಕೆ, ಚಿತ್ರಗಳೆಲ್ಲ ಅಲೆಕ್ಸ್ ರಾಸ್ ಕುಂಚದವು. ಮೊದಲಲ್ಲೇ ಸುಟ್ಟುಹೋದ, ತಾನು ಬೆಳೆದ ಕ್ಯಾನ್ಸಸ್ ನೆಲಕ್ಕೇ ಕೊನೆಗೆ ಸೂಪರ್‌ಮ್ಯಾನ್ ಮರಳುತ್ತಾನೆ. ಡಯಾನಾ (ವಂಡರ್ ವುಮನ್) ಅವನ ಕೈಗೆ, ಹಿಂದೆ ಸಾಮಾನ್ಯನಂತೆ ಬಾಳುವಾಗ ಹಾಕುತ್ತಿದ್ದಂಥ ಕನ್ನಡಕ ಕೊಡುತ್ತಾಳೆ. ಎಷ್ಟು ಸಣ್ಣ ವಸ್ತು, ಎಷ್ಟು ತುಂಬಿದ ಮುಕ್ತಾಯ! ಬಿಡಿ ಸಂಚಿಕೆ ಹುಡುಕಬೇಡಿ. ಅವುಗಳಲ್ಲಿ ಇಲ್ಲದ ಕೆಲ ಪುಟಗಳು ಒಟ್ಟು ಪುಸ್ತಕದಲ್ಲಿವೆ.