ನಲವತ್ತಮೂರರಲ್ಲಿ ಲೇತ್ ಮುಂದೆ: ತುಮಕೂರಿನ ಒಂದು ಸಂಜೆ ತರಬೇತಿ ಕೇಂದ್ರದ ಅನುಭವ

ತುಮಕೂರಿನ ಎಪಿಎಂಸಿ ಯಾರ್ಡಿನ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದ ನಾನು, ನಲವತ್ತಮೂರನೆಯ ವಯಸ್ಸಿನಲ್ಲಿ ಟರ್ನಿಂಗ್ ಕೆಲಸ, ಅಂದರೆ ಲೇತ್ ಯಂತ್ರದಲ್ಲಿ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಕಸುಬು, ಕಲಿಯಲೆಂದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಖಾಸಗಿ ತರಬೇತಿ ಕೇಂದ್ರವೊಂದಕ್ಕೆ ಸೇರಿದೆ. ಮೂರು ತಿಂಗಳ ಕೋರ್ಸು, ವಾರಕ್ಕೆ ಆರು ದಿನ, ಸಂಜೆ ಆರರಿಂದ ಎಂಟೂವರೆಯವರೆಗೆ. ಶುಲ್ಕ 28,000 ರೂಪಾಯಿ. ಕೋರ್ಸು ಕಳೆದ ತಿಂಗಳು ಮುಗಿಯಿತು. ಸಂಸಾರದ ಜವಾಬ್ದಾರಿ ಹೊತ್ತುಕೊಂಡೇ ಕಸುಬು ಬದಲಿಸುವ ಯೋಚನೆಯಲ್ಲಿರುವವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬರೆದಿಲ್ಲ. ಮುಂದೆ ಹೇಳುವ ದೂರನ್ನು ಅವರ ಎದುರಿಗೇ ಇಟ್ಟಿದ್ದೇನೆ. ತಿದ್ದಿಕೊಳ್ಳಲು ಅವರಿಗೆ ಸ್ವಲ್ಪ ಕಾಲಾವಕಾಶ ಸಿಗಲಿ.

ಐಟಿಐಗೆ ಏಕೆ ಸೇರಲಿಲ್ಲ ಎಂದು ಹಲವರು ಕೇಳಿದರು. ಟರ್ನರ್ ಟ್ರೇಡು ಎರಡು ವರ್ಷದ ಹಗಲಿನ ಓದು. ಮಂಡಿಯ ಸಂಬಳ ಬಿಟ್ಟು ಎರಡು ವರ್ಷ ಮನೆ ನಡೆಸುವುದು ನನ್ನಿಂದಾಗದ ಮಾತಾಗಿತ್ತು. ಮಂಡಿಯಲ್ಲಿ ಬಿಲ್ಲಿಂಗೆಲ್ಲ ಕಂಪ್ಯೂಟರಿಗೆ ಹೋಗಿ, ನಾನು ಬರೆಯುತ್ತಿದ್ದ ನಾಲ್ಕು ಪುಸ್ತಕಗಳಲ್ಲಿ ಒಂದೇ ಉಳಿದಿದ್ದಾಗ, ಇನ್ನೂ ಹದಿನೈದಿಪ್ಪತ್ತು ವರ್ಷ ಕೈಯಲ್ಲಿರುವ ಕೆಲಸ ಯಾವುದು ಎಂಬ ಪ್ರಶ್ನೆ ಎದ್ದಿತು. ಹಿರೇಹಳ್ಳಿ, ವಸಂತನರಸಾಪುರ, ಸತ್ಯಮಂಗಲ ಹೀಗೆ ಊರಿನ ಸುತ್ತಲೂ ಯಂತ್ರಗಳು ಓಡುತ್ತಿರುವಾಗ ಉತ್ತರವನ್ನು ಬಹಳ ದೂರ ಹುಡುಕಬೇಕಾಗಿರಲಿಲ್ಲ.

ಕೇಂದ್ರದ ದೊಡ್ಡ ಆಸ್ತಿ ಅಲ್ಲಿನ ಮೇಷ್ಟ್ರು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿದಾಗ ಹೊರಬಂದವರು. ಮೊದಲ ತಿಂಗಳು ಅವರು ನಮ್ಮನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದ ಹತ್ತಿರ ಬಿಡಲೇ ಇಲ್ಲ. ಹಳೆಯ ಲೇತಿನ ಮೇಲೆ ಫೇಸಿಂಗ್ (ತುಂಡಿನ ತುದಿಯನ್ನು ಸಮಮಾಡುವುದು), ಸಾದಾ ಟರ್ನಿಂಗ್, ಗ್ರೈಂಡರಿನಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಮೊನೆ ಕೊಡುವುದು, ಇಷ್ಟೇ. ಬೇಗ ಬಟನ್ ಒತ್ತುವ ಆತುರದಲ್ಲಿದ್ದ ಹುಡುಗರಿಗೆ ಬೇಸರವಾಯಿತು. ನನಗೆ ಮಾತ್ರ ಆ ತಿಂಗಳೇ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ಲೋಹ ಕತ್ತರಿಸುವ ಸದ್ದಿನಲ್ಲೇ ಟೂಲು ಮೊಂಡಾಗಿರುವುದನ್ನು ಗುರುತಿಸುವ ಕಿವಿ ಅಲ್ಲಿ ಬಂದದ್ದು.

ಒಂದು ಸಂಜೆಯ ಸಂಗತಿಯನ್ನು ಹೇಳಬೇಕು. 50 ಮಿ.ಮೀ. ವ್ಯಾಸದ ಶಾಫ್ಟೊಂದನ್ನು (ಉಕ್ಕಿನ ದುಂಡು ದಂಡ) ತಿರುಗಿಸಿ ಕೊಡಬೇಕಿತ್ತು; 49.975ಕ್ಕಿಂತ ಕಡಿಮೆಯಾದರೆ ಜಾಬ್, ಅಂದರೆ ಆ ತುಂಡು, ರಿಜೆಕ್ಟ್. ಕೊನೆಯ ಕಟ್ ಮುಗಿದ ಕೂಡಲೇ ಡಿಜಿಟಲ್ ಮೈಕ್ರೋಮೀಟರ್ ಹಿಡಿದು ನೋಡಿದೆ, 49.990 ಎಂದು ತೋರಿಸಿತು, ಸಂತೋಷದಿಂದ ಮೇಷ್ಟ್ರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಿ ನೋಡಿ, ಅಳೆಯದೆ, ಬೆಂಚಿನ ಮೇಲೆ ಪಕ್ಕಕ್ಕಿಟ್ಟರು. ಅರ್ಧ ಗಂಟೆಯ ನಂತರ ನನ್ನ ಕೈಯಿಂದಲೇ ಅಳೆಸಿದಾಗ ಬಂದದ್ದು 49.972. "ಬಿಸಿ ಇರೋವಾಗ ಅಳತೆ ನೋಡ್ಬೇಡಿ ಸ್ವಾಮಿ, ಉಕ್ಕು ಉಬ್ಬಿರುತ್ತೆ" ಎಂದರು. ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ, ಮೂವತ್ತು ಡಿಗ್ರಿ ಏರಿದ್ದ ನನ್ನ ಶಾಫ್ಟು 0.018 ಮಿ.ಮೀ. ಉಬ್ಬಿತ್ತು, ಅನುಮತಿಯಿದ್ದ 0.025ರಲ್ಲಿ ಬಹುಪಾಲನ್ನು ಆ ಬಿಸಿಯೇ ನುಂಗಿತ್ತು. ಈ ಲೆಕ್ಕವನ್ನು ನಾನೇ ಹಾಳೆಯ ಮೇಲೆ ಮಾಡಿ ತೋರಿಸಿದಾಗ ಮೇಷ್ಟ್ರು ಅದನ್ನು ಗೋಡೆಗೆ ಅಂಟಿಸಿದರು. ಇಷ್ಟು ವರ್ಷದ ಲೆಕ್ಕದ ಅಭ್ಯಾಸ ಇಲ್ಲಿ ವ್ಯರ್ಥವಲ್ಲ ಎಂಬ ಧೈರ್ಯ ನನಗೆ ಬಂದದ್ದು ಅಂದೇ.

ವಯಸ್ಸಿನ ತೊಂದರೆ ನಾನು ಅಂದುಕೊಂಡ ಕಡೆಯಿಂದ ಬರಲಿಲ್ಲ. ಜೊತೆಯ ಇಪ್ಪತ್ತರ ಹುಡುಗರು ಮೊದಲ ವಾರ 'ಸರ್' ಎಂದವರು ಆಮೇಲೆ 'ಅಣ್ಣ' ಎಂದೇ ಕರೆದು ಲೇತಿನಲ್ಲಿ ತುಂಡನ್ನು ಹಿಡಿದಿಡುವ ಭಾರದ ಚಕ್ಕನ್ನು ಎತ್ತಿಕೊಟ್ಟರು. ಕಷ್ಟವಾದದ್ದು ಕಣ್ಣಿಗೆ. ಚಾಳೀಸು ಬಂದವರಿಗೆ ವರ್ನಿಯರ್ ಅಳತೆಪಟ್ಟಿಯ 0.02 ಮಿ.ಮೀ. ಗೆರೆ ಯಾವುದಕ್ಕೆ ಕೂಡಿದೆ ಎಂದು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗುರುತಿಸುವುದು ಸುಲಭವಲ್ಲ. ಸೇರುವ ಮೊದಲೇ ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಳ್ಳಿ. ನಿಂತು ಕೆಲಸ ಮಾಡುವುದಕ್ಕೆ ಕಾಲುಗಳು ಒಗ್ಗಿಕೊಳ್ಳಲು ಮೂರು ವಾರ ಬೇಕಾಯಿತು.

ಈಗ ದೂರು. ಪ್ರತಿಯೊಬ್ಬರಿಗೂ ದಿನವೂ ಸಿಎನ್‌ಸಿ ಯಂತ್ರದ ಮೇಲೆ ಕೆಲಸ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಇದ್ದದ್ದು ಒಂದು ಯಂತ್ರ, ನಾವಿದ್ದದ್ದು ಒಂಬತ್ತು ಜನ. ಒಬ್ಬರಿಗೆ ಸಿಕ್ಕದ್ದು ಹದಿನೈದು ನಿಮಿಷ, ಅದೂ ಕರೆಂಟ್ ಇದ್ದ ದಿನ. ಯಂತ್ರಕ್ಕೆ ಆಜ್ಞೆ ಕೊಡುವ ಜಿ00, ಜಿ01 ಕೋಡುಗಳನ್ನು ಪುಸ್ತಕದಲ್ಲಿ ಬರೆಯುವುದು ಬೇರೆ, ಜಾಬ್ 0.02 ಮಿ.ಮೀ. ದಪ್ಪ ಬಂದಾಗ ವೇರ್ ಆಫ್‌ಸೆಟ್ಟಿನಲ್ಲಿ (ಟೂಲಿನ ಸವೆತ ಸರಿದೂಗಿಸುವ ಅಂಕಿ) ಅಷ್ಟನ್ನೇ ಇಳಿಸಿ ಮುಂದಿನ ತುಂಡು ಸರಿಯಾಗಿ ಬಂದದ್ದನ್ನು ಕಣ್ಣಾರೆ ನೋಡುವುದು ಬೇರೆ. ಎರಡನೆಯದು ನನಗೆ ಮೂರು ತಿಂಗಳಲ್ಲಿ ನಾಲ್ಕೇ ಸಲ ಒದಗಿತು. ಇದಕ್ಕಿಂತ ನೋವು ಕೊಟ್ಟದ್ದು ಕೆಲಸದ ಭರವಸೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ ಊರಿನಲ್ಲಿ ಎದ್ದ ಆಸೆಯನ್ನೇ ಬಳಸಿಕೊಂಡು, ಈ ಪ್ರಮಾಣಪತ್ರ ಇದ್ದರೆ ದೊಡ್ಡ ಕಂಪನಿಗಳು ಕರೆಯುತ್ತವೆ ಎಂದು ಸೇರುವಾಗ ಹೇಳಿದರು. ನಾನು ಹೋದ ಎರಡು ಕಾರ್ಖಾನೆಗಳಲ್ಲೂ ಮೊದಲು ಕೇಳಿದ್ದು ಐಟಿಐ ಸರ್ಟಿಫಿಕೇಟನ್ನು, ಆಮೇಲೆ ಹುಟ್ಟಿದ ದಿನಾಂಕವನ್ನು. ಮಕ್ಕಳ ಫೀಸಿನ ಹಣದಲ್ಲಿ ಸೇರುವವರಿಗೆ ಇಂಥ ಮಾತು ಹೇಳಬಾರದು.

ನನ್ನನ್ನು ತೆಗೆದುಕೊಂಡದ್ದು ಸತ್ಯಮಂಗಲದ ಬಳಿಯ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಜಾಬ್ ವರ್ಕ್ ಶಾಪು, ಅದೂ ಮೇಷ್ಟ್ರು ಒಂದು ಫೋನ್ ಮಾಡಿದ್ದಕ್ಕೆ. ಮಾಲೀಕರು ಸರ್ಟಿಫಿಕೇಟ್ ಕೇಳಲಿಲ್ಲ; ಒಂದು ರಾಡನ್ನೂ ಡ್ರಾಯಿಂಗನ್ನೂ ಕೊಟ್ಟು ಲೇತ್ ತೋರಿಸಿದರು. ಸಂಬಳ 14,500, ಮಂಡಿಯಲ್ಲಿ ಬರುತ್ತಿದ್ದದ್ದು 24,000. ಈ ಕಂದರವನ್ನು ದಾಟಲು ಒಂದು ವರ್ಷವಾದರೂ ಬೇಕೆಂದು ಲೆಕ್ಕ ಹಾಕಿಯೇ, ಹೆಂಡತಿಯೊಡನೆ ಕೂತು ಖರ್ಚಿನ ಪಟ್ಟಿ ಮಾಡಿ, ಒಡವೆ ಸಾಲ ತೀರಿಸಿದ ಮೇಲೆಯೇ ನಾನು ಒಪ್ಪಿಕೊಂಡದ್ದು. ಕೈಯಲ್ಲಿ ಆರು ತಿಂಗಳ ಮನೆಖರ್ಚು ಇಲ್ಲದವರು ಈಗಿರುವ ಕೆಲಸವನ್ನು ಬಿಡದೆ ಸಂಜೆ ಕಲಿಯುವುದೇ ಒಳ್ಳೆಯದು.

ಕಲಿಸುವಿಕೆಗೆ ಐದಕ್ಕೆ ಐದು, ಯಂತ್ರದ ಸಮಯಕ್ಕೆ ಎರಡು, ಹೇಳಿದ ಮಾತಿಗೆ ಒಂದು ಅಂಕ ಕೊಡುತ್ತೇನೆ. ಇಂಥ ಕೇಂದ್ರಕ್ಕೆ ಸೇರಬೇಕೆಂದಿರುವವರು ಹಣ ಕಟ್ಟುವ ಮೊದಲು ಸಂಜೆ ಏಳರ ಹೊತ್ತಿಗೆ ಹೇಳದೆ ಹೋಗಿ, ಯಂತ್ರದ ಸುತ್ತ ಎಷ್ಟು ಜನ ಸುಮ್ಮನೆ ನಿಂತಿದ್ದಾರೆ ಎಂದು ಎಣಿಸಿ. ಕಲಿಸುವವರು ಯಾವ ಶಾಪಿನಲ್ಲಿ ಎಷ್ಟು ವರ್ಷ ಕೈಯಾಡಿಸಿದವರು ಎಂದು ಕೇಳಿ. ಮುಂದಿನ ಬ್ಯಾಚನ್ನು ಐದು ಜನಕ್ಕೆ ಇಳಿಸುವುದಾಗಿ ವ್ಯವಸ್ಥಾಪಕರು ನನಗೆ ಹೇಳಿದ್ದಾರೆ. ಅದನ್ನು ನಡೆಸಿಕೊಟ್ಟರೆ ಎರಡನೆಯ ಅಂಕವನ್ನು ತಿದ್ದುತ್ತೇನೆ.