ಗೆರೆ ಬೇಡ ಅಂದೆ, ಚುಕ್ಕಿ ಮರೆತೆ: ಎರಡು ಫ್ರೆಟ್‌ಲೆಸ್ ಬಾಸ್, ಆರು ವರ್ಷ

ಮೊದಲು ಹೊಟ್ಟೆಯುರಿ ಹೇಳಿಬಿಡುತ್ತೇನೆ. ಫ್ರೆಟ್‌ಲೆಸ್ ಬಾಸ್ ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿಲ್ಲದ ಬಾಸ್ ಗಿಟಾರ್. ನನ್ನ ಎರಡನೇ ಫ್ರೆಟ್‌ಲೆಸ್ ಬಾಸ್‌ನ ಅಂಚಿನ ಚುಕ್ಕಿಗಳು, ಅಂದರೆ ಸ್ವರದ ಜಾಗ ಹುಡುಕಲು ನೆಕ್‌ನ ಪಕ್ಕದಲ್ಲಿರುವ ಗುರುತುಗಳು, ತಪ್ಪು ಜಾಗದಲ್ಲಿವೆ. ನಾಲ್ಕು ವರ್ಷದಿಂದ ದಿನಾ ನೋಡುತ್ತೇನೆ, ದಿನಾ ಬೈಯುತ್ತೇನೆ.

ಮೊದಲನೆಯದು ಗೆರೆ ಇರುವ ಬಾಸ್. ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಫ್ರೆಟ್ ಇರಬೇಕಾದ ಕಡೆಯೆಲ್ಲ ಬಿಳಿ ಗೆರೆ. ಬೆರಳ ತುದಿಯನ್ನು ಗೆರೆಯ ಮೇಲೇ ಇಟ್ಟರೆ ಸ್ವರ ಸರಿ. ಫ್ರೆಟ್ ಇರುವ ಬಾಸ್ ನುಡಿಸುವವರು ಅಭ್ಯಾಸಬಲದಿಂದ ಗೆರೆಯ ಸ್ವಲ್ಪ ಹಿಂದೆ ಒತ್ತುತ್ತಾರೆ, ಸ್ವರ ಇಳಿಯುತ್ತದೆ. ನನಗೆ ಅದು ಬಿಡಲು ಮೂರು ತಿಂಗಳು ಬೇಕಾಯಿತು.

ಆಮೇಲೆ ಒಣ ಜಂಬ ಹತ್ತಿತು. ಗೆರೆ ಅಂದರೆ ಕಲಿಯುವವರ ಊರುಗೋಲು ಅಂತ ಯಾರೋ ಅಂದರು, ನಾನು ನಂಬಿದೆ. ಮನೆಯಲ್ಲಿ ಬಿದ್ದಿದ್ದ ಹಳೇ ಬಾಸ್ ತಗೊಂಡು ಹೋಗಿ ಫ್ರೆಟ್ ಕೀಳಿಸಿದೆ. ಸಂದುಗಳಿಗೆ ಅದೇ ಬಣ್ಣದ ಕಪ್ಪು ಮರ ತುಂಬಿಸಿ, ಗೆರೆ ಕಾಣಲೇಬಾರದು ಅಂದೆ. ಫ್ರೆಟ್‌ಲೆಸ್ ಬಾಸ್‌ಗೇ ಹೆಸರಾದ ಅಮೆರಿಕದ ವಾದಕ ಜೇಕೊ ಪಾಸ್ಟೋರಿಯಸ್ ಅವರ ಪ್ರಸಿದ್ಧ 1962ರ ಫೆಂಡರ್ ಜಾಝ್ ಬಾಸ್ ಕೂಡ ಫ್ರೆಟ್ ಕಿತ್ತದ್ದೇ. ಸಂದು ತುಂಬಿದ ಗುರುತು ಅದರ ಮೇಲೆ ಇದ್ದೇ ಇತ್ತು. ಅವರಿಗೆ ಇಲ್ಲದ ನಾಚಿಕೆ ನನಗೆ ಯಾಕೆ ಬಂತೋ!

ಕೆಲಸ ಚೆನ್ನಾಗಿಯೇ ಆಯಿತು. ಕೈ ಆಡಿಸಿದರೆ ಬೆಣ್ಣೆ. ನುಡಿಸಿದರೆ ಮಾತ್ರ ಅಪಸ್ವರ. ಎರಡು ದಿನ ಆದಮೇಲೆ ಕಾರಣ ಹೊಳೆಯಿತು. ಫ್ರೆಟ್ ಇರುವ ನೆಕ್‌ನಲ್ಲಿ ಅಂಚಿನ ಚುಕ್ಕಿ ಎರಡು ಫ್ರೆಟ್‌ಗಳ ನಡುವೆ ಇರುತ್ತದೆ. ಐದನೆಯ ಫ್ರೆಟ್‌ನ ಚುಕ್ಕಿ ನಂಬಿ ಒತ್ತಿದರೆ ನಿಜವಾದ ಜಾಗಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಹಿಂದೆ ಬೀಳುತ್ತೀರಿ. ಅಂದರೆ ಅರ್ಧ ಸ್ವರಸ್ಥಾನ ಇಳಿದೇ ಹೋಯಿತು. ರಿಪೇರಿಯವರನ್ನು ಕೇಳಿದೆ. "ಸರ್, ಗೆರೆ ಬೇಡ ಅಂದ್ರಿ. ಚುಕ್ಕಿ ಬೇಡ ಅನ್ನಲಿಲ್ವಲ್ಲ" ಅಂದರು. ಏನು ಹೇಳಲಿ?

ಇದು ಸಣ್ಣ ವಿಷಯ ಅನ್ನಬೇಡಿ. ಬಾಸ್ ಹಾಕಿಕೊಂಡು ನೆಟ್ಟಗೆ ನಿಂತರೆ ಫಿಂಗರ್‌ಬೋರ್ಡ್‌ನ, ಅಂದರೆ ಬೆರಳು ಒತ್ತುವ ಮರದ ಹಲಗೆಯ, ಮುಖ ನಿಮಗೆ ಕಾಣುವುದೇ ಇಲ್ಲ, ಕಾಣುವುದು ಅಂಚು. ಗೆರೆ ಇರುವ ಬಾಸ್‌ನಲ್ಲೂ ನಾನು ನೋಡುತ್ತಿದ್ದದ್ದು ಅಂಚಿಗೆ ಬಂದು ನಿಂತ ಗೆರೆಯ ತುದಿ ಅಷ್ಟೇ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹೊಗೆ ಬಿಟ್ಟು, ಕೆಂಪು ದೀಪ ತಿರುಗಿಸಿ, ಮೈಸೂರು ಕಡೆಯ ತಮಟೆ ಏಟಿನ ಹಾಡು ಶುರು ಮಾಡಿದಾಗ ಆ ತುದಿಯೇ ದೇವರು.

ಹೀಗೆ ಬೈಯುತ್ತಲೇ ಮೊದಲ ಮಳೆಗಾಲ ಕಳೆಯಿತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಹತ್ತು ನಿಮಿಷ ನನ್ನದು. ಪಕ್ಕದಲ್ಲಿ ಕಾಫಿ ಲೋಟ, ಫೋನಿನಲ್ಲಿ ಡಿ ಶ್ರುತಿಗೆ ತಂಬೂರಿ. ಹಳೇ ಪಂಚೆ ತುಂಡಿನಿಂದ ತಂತಿ ಒರೆಸುತ್ತೇನೆ. ಫ್ಲಾಟ್‌ವೌಂಡ್ ತಂತಿ, ಅಂದರೆ ಮೇಲ್ಮೈ ನುಣುಪಾಗಿರುವಂತೆ ಚಪ್ಪಟೆ ಸರಿಗೆ ಸುತ್ತಿದ್ದು, ಬೆಲೆ ಜಾಸ್ತಿ, ಆದರೆ ಮರ ಕೊರೆಯುವುದಿಲ್ಲ. ಹಾಕಿದ್ದು ನಾಲ್ಕು ವರ್ಷದಿಂದ ಹಾಗೇ ಇದೆ, ಕಾಸು ಉಳಿಯಿತು. ಆಮೇಲೆ ಕಣ್ಣು ಮುಚ್ಚಿ ಡಿ ತಂತಿಯನ್ನೇ ಷಡ್ಜ ಮಾಡಿಕೊಂಡು ಅಂತರ ಗಾಂಧಾರ ಹುಡುಕುತ್ತೇನೆ.

ಒಂದು ದಿನ ಬೆರಳು ತಂಬೂರಿಯೊಳಗೆ ಕರಗಿದ ಹಾಗೆ ಕೂತಿತು. ಟ್ಯೂನರ್ ಹಚ್ಚಿ ನೋಡಿದರೆ 14 ಸೆಂಟ್ (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್) ಕಡಿಮೆ ತೋರಿಸುತ್ತಿದೆ! ಅದು ತಪ್ಪಲ್ಲ. ತಂಬೂರಿಯ ಗಾಂಧಾರ ಇರುವುದೇ ಅಲ್ಲಿ, ಟ್ಯೂನರ್ ತೋರಿಸುವುದು ಕೀಬೋರ್ಡಿನ ಗಾಂಧಾರ. ನುಡಿಯುವ ತಂತಿಯ ಉದ್ದ 34 ಇಂಚು ಇರುವ ಬಾಸ್‌ನಲ್ಲಿ ಇವೆರಡರ ನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಂತರ. ಗೆರೆ ಇರುವ ಬಾಸ್‌ನಲ್ಲಿ ಈ ಗಾಂಧಾರ ಬರುವ ನಾಲ್ಕನೇ ಗೆರೆ ಎಳೆದಿರುವುದು ಕೀಬೋರ್ಡಿನ ಜಾಗಕ್ಕೆ. ಎರಡು ವರ್ಷ ನಾನು ಗೆರೆಯ ಮೇಲೆ ಬೆರಳಿಟ್ಟು, ಯಾಕೋ ಒರಟು ಕೇಳುತ್ತದಲ್ಲ ಅಂತ ತಂತಿಯನ್ನು ದೂರುತ್ತಿದ್ದೆ.

ಪಿಟೀಲು ನುಡಿಸುವ ಗೆಳತಿಗೆ ಹೇಳಿದೆ. "ಇದನ್ನು ಕಂಡುಹಿಡಿಯೋಕೆ ಫ್ರೆಟ್ ಕೀಳಿಸಿದ್ಯಾ? ನಾವು ಮಕ್ಕಳ ಪಿಟೀಲಿಗೆ ಟೇಪ್ ಅಂಟಿಸ್ತೀವಿ ಕಣೋ, ಅವರೇ ಒಂದಿನ ಕಿತ್ತು ಬಿಸಾಕ್ತಾರೆ" ಅಂದಳು. ಅವಳ ಜೊತೆ ಭಾವಗೀತೆ ಕಾರ್ಯಕ್ರಮಕ್ಕೆ ಈಗ ಗೆರೆ ಇಲ್ಲದ್ದೇ ಹೋಗುತ್ತದೆ. ಕೀಬೋರ್ಡು ಇರುವ ಆರ್ಕೆಸ್ಟ್ರಾಕ್ಕೆ ಗೆರೆ ಇರುವುದು. ಅಲ್ಲಿ ನನ್ನ 14 ಸೆಂಟಿನ ಗಾಂಧಾರ ಹಿಡಿದರೆ ಕೀಬೋರ್ಡಿನವರು ತಿರುಗಿ ನೋಡುತ್ತಾರೆ.

ಒಂದೇ ಕೊಳ್ಳುವ ಬಜೆಟ್ ಇದ್ದರೆ ಗೆರೆ ಇರುವುದನ್ನೇ ತಗೊಳ್ಳಿ, ಮಾರುವಾಗಲೂ ಸುಲಭ. ಫ್ರೆಟ್ ಕೀಳಿಸುವುದಾದರೆ ಚುಕ್ಕಿಯ ಮಾತು ಮೊದಲೇ ಆಡಿ. ನಾನು ಹಳೇ ಚುಕ್ಕಿಗಳಿಗೆ ಕಪ್ಪು ಮಾರ್ಕರ್ ಬಳಿದು, ಸರಿಯಾದ ಜಾಗಕ್ಕೆ ಹೆಂಡತಿಯ ನೇಲ್ ಪಾಲಿಶ್ ಇಟ್ಟಿದ್ದೇನೆ. ಅಂಗೈ ಉಜ್ಜಿ ಉಜ್ಜಿ ಎರಡು ತಿಂಗಳಿಗೆ ಅಳಿಯುತ್ತದೆ. ಈ ಸಲ ಬಿಳಿ ಖಾಲಿಯಾಗಿತ್ತು, ಗುಲಾಬಿ ಬಳಿದಿದ್ದೇನೆ.